ಹೊಲಕ್ಕೆ ಸೋಲಾರ್ ಕಂಪನಿ ಬಂದಾಗ: ಪಂಚಾಯ್ತಿ ಎಲ್ಲಿ ತಡೆಯಬಹುದು, ನಿಮ್ಮ ಹಕ್ಕು ಎಲ್ಲಿಯವರೆಗೆ

ಮುಂಡರಗಿ, ಶಿರಹಟ್ಟಿ, ನವಲಗುಂದ, ಸವಣೂರು, ಬ್ಯಾಡಗಿ. ಊರು ಬೇರೆ, ಪ್ರಶ್ನೆ ಒಂದೇ. “ಸೋಲಾರ್‌ನವರು ಹೊಲ ಲಾವಣಿಗೆ ಕೇಳ್ಯಾರ್ರೀ, ಪಂಚಾಯ್ತಿಯವರು ಎನ್‌ಒಸಿ ಕೊಡಂಗಿಲ್ಲ ಅಂತಾರ. ಹೊಲ ನಂದು, ಇವರು ಯಾರು ಬ್ಯಾಡ ಅನ್ನಾಕ?” ಲಾವಣಿ ಅಂದರೆ ಗೇಣಿ, ಲೀಸ್; ಎನ್‌ಒಸಿ ಅಂದರೆ ತಕರಾರಿಲ್ಲ ಅನ್ನುವ ಪತ್ರ. ಈ ಸಿಟ್ಟು ಅರ್ಥವಾಗುತ್ತದೆ. ಮಳೆ ಕೈಕೊಟ್ಟ ವರ್ಷ ಮುಂಗಾರಿಗೆ ಹೆಸರೂ ಇಲ್ಲ, ಹಿಂಗಾರಿಗೆ ಕಡಲೆಯೂ ಇಲ್ಲ ಅನ್ನೋ ಪರಿಸ್ಥಿತಿಯಲ್ಲಿ ಎಕರೆಗೆ ಇಂತಿಷ್ಟು ಅಂತ ವರ್ಷವರ್ಷ ಖಾತ್ರಿ ದುಡ್ಡು ಬರುತ್ತದೆ ಅಂದರೆ ಯಾರಿಗೆ ಬೇಡ? ಅದೇ ಹೊತ್ತಿಗೆ ಬಾಜೂ ಹೊಲದವರ ಪ್ರಶ್ನೆಯೂ ಬರುತ್ತದೆ: “ಅವರು ಬೇಲಿ ಹಾಕಿದ್ರು, ನಮ್ಮ ಬಂಡಿ ದಾರಿ ಬಂದ್ ಆತು.” ಅದೂ ಸಣ್ಣ ಮಾತಲ್ಲ.

ಇಬ್ಬರಿಗೂ ಸೇರಿಸಿ ಹಂತ ಹಂತವಾಗಿ ಬರೆದಿದ್ದೇನೆ. ಮೊದಲೇ ಒಂದು ಮಾತು. ಪಂಚಾಯ್ತಿ ಹಾಕುವ ಅಡ್ಡಿಗೆ ಮೇಲ್ಮನವಿ ಇದೆ, ಕೋರ್ಟ್ ಇದೆ, ಬಹಳ ಸಲ ಅದು ಬಗೆಹರಿಯುತ್ತದೆ. ಓದದೇ ಸಹಿ ಹಾಕಿದ ಇಪ್ಪತ್ತೈದು ಮೂವತ್ತು ವರ್ಷದ ಕರಾರಿಗೆ ಅಂಥ ದಾರಿ ತೀರಾ ಕಡಿಮೆ. ಜನ ಪಂಚಾಯ್ತಿ ಜೊತೆ ಜಗಳಕ್ಕೆ ನಿಲ್ಲುತ್ತಾರೆ, ಕರಾರಿಗೆ ಮಾತ್ರ ಏಜೆಂಟ್ ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ ಬರುತ್ತಾರೆ. ರೈತರ ಹಕ್ಕು ಜಾಸ್ತಿ ಹೋಗುವುದು ಅಲ್ಲೇ.

ಶುರು ಮಾಡುವ ಮುಂಚೆ: ಯಾರ ಕೈಯಲ್ಲಿ ಏನಿದೆ

ಆಸ್ತಿ ಹಕ್ಕು ಈಗ ಮೂಲಭೂತ ಹಕ್ಕಲ್ಲ. 1978ರ 44ನೇ ತಿದ್ದುಪಡಿಯಲ್ಲಿ ಅದನ್ನು ಆ ಪಟ್ಟಿಯಿಂದ ತೆಗೆದರು. ಆದರೆ ಸಂವಿಧಾನದ 300ಎ ವಿಧಿಯಲ್ಲಿ ಅದು ಗಟ್ಟಿಯಾಗಿ ಇದೆ: ಕಾನೂನಿನ ಬಲ ಇಲ್ಲದೆ ಯಾರೂ ನಿಮ್ಮ ಆಸ್ತಿ ಕಸಿಯುವಂತಿಲ್ಲ. ‘ಕಾನೂನಿನ ಬಲ’ ಅನ್ನುವುದನ್ನು ಚೆನ್ನಾಗಿ ನೆನಪಿಡಿ. ನಾಲ್ಕು ಜನ ಸದಸ್ಯರು ಕೂತು ‘ನಮ್ಮೂರಾಗ ಸೋಲಾರ್ ಬ್ಯಾಡ’ ಅಂತ ಠರಾವು ಬರೆದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ. ಆ ಠರಾವಿನ ಹಿಂದೆ ಯಾವ ಕಾಯ್ದೆಯ ಯಾವ ಕಲಂ ಇದೆ ಅಂತ ಕೇಳುವ ಹಕ್ಕು ನಿಮಗಿದೆ.

ಹಾಗೆಯೇ ‘ನನ್ನ ಹೊಲದಾಗ ನಾ ಏನಾರ ಮಾಡ್ತೀನಿ’ ಅನ್ನುವುದೂ ನಡೆಯುವುದಿಲ್ಲ. ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಂ ಇದೆ. ಅದರ ಅಧಿಕಾರ ಜಿಲ್ಲಾಧಿಕಾರಿಯದು, ಪಂಚಾಯ್ತಿಯದಲ್ಲ. ಕಟ್ಟಡಕ್ಕೆ ಪರವಾನಗಿ ಪಂಚಾಯ್ತಿಯದು. ಕರೆಂಟು ಗ್ರಿಡ್‌ಗೆ ಸೇರಿಸುವುದು ಹೆಸ್ಕಾಂ (ಈ ಭಾಗದ ವಿದ್ಯುತ್ ವಿತರಣಾ ಕಂಪನಿ) ಅಥವಾ ಕೆಪಿಟಿಸಿಎಲ್ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ) ಕೆಲಸ. ನವೀಕರಿಸಬಹುದಾದ ಇಂಧನದ ಯೋಜನೆಗಳನ್ನು ನೋಡಿಕೊಳ್ಳುವುದು ಕ್ರೆಡಲ್, ಅಂದರೆ ರಾಜ್ಯ ಸರ್ಕಾರದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ. ಯಾವ ಕೆಲಸ ಯಾರದ್ದು ಅಂತ ಗೊತ್ತಿಲ್ಲದಿದ್ದರೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದೇ ವರ್ಷ ಹೋಗುತ್ತದೆ.

1. ಉತಾರದಿಂದ ಶುರು ಮಾಡಿ

ಪಹಣಿ ಅನ್ನಿ, ಉತಾರ ಅನ್ನಿ, ಆರ್‌ಟಿಸಿ ಅನ್ನಿ, ಎಲ್ಲಾ ಒಂದೇ. ಹೊಸ ಪ್ರತಿ ತೆಗೆಸಿ ಮೂರು ಕಡೆ ಕಣ್ಣಾಡಿಸಿ.

ಹೆಸರು ಯಾರದ್ದಿದೆ? ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ಮೊದಲು ವಾರಸಾ ಮಾಡಿಸಿ. ವಾಟ್ನಿ (ಆಸ್ತಿ ಪಾಲು) ಬಾಯಿಮಾತಿನಲ್ಲಿ ಆಗಿ ಕಾಗದಕ್ಕೆ ಬರದಿದ್ದರೆ ಅದನ್ನೂ ಮುಗಿಸಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಬಂದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ‘ಅಕ್ಕ ಕೊಟ್ಟ ಮನೀಗೆ ಹೋಗ್ಯಾಳ, ಆಕಿ ಸಹಿ ಯಾಕ ಬೇಕು’ ಅಂತ ಬಿಟ್ಟರೆ ನಾಳೆ ಬಾಡಿಗೆ ಬರಲು ಶುರುವಾದ ಮೇಲೆ ದಾವಾ ಬೀಳುತ್ತದೆ, ಕಂಪನಿ ದುಡ್ಡನ್ನು ತಡೆದು ಹಿಡಿಯುತ್ತದೆ. ಅಕ್ಕತಂಗಿಯರನ್ನು ಮೊದಲೇ ಕೂರಿಸಿ ಮಾತಾಡಿ. ಅವರ ಪಾಲು ಅವರಿಗೆ ಸೇರಬೇಕಾದದ್ದೇ ಅಲ್ವಾ.

ಬೋಜಾ ಏನಿದೆ? ಸೊಸೈಟಿ ಸಾಲ, ಬ್ಯಾಂಕಿನ ಬೆಳೆ ಸಾಲ 11ನೇ ಕಾಲಂನಲ್ಲಿ ಕೂತಿರುತ್ತದೆ. ಸಾಲ ತೀರಿದ್ದರೂ ಬೋಜಾ ತೆಗೆಸದೇ ಬಿಟ್ಟವರು ಬಹಳ ಜನ. ಬ್ಯಾಂಕಿನಿಂದ ಬಾಕಿ ಇಲ್ಲ ಅನ್ನುವ ಪತ್ರ ತಂದು ತೆಗೆಸಿ. ಜೊತೆಗೆ ಕಾವೇರಿ 2.0 ತಂತ್ರಾಂಶದಲ್ಲಿ ಇಸಿ, ಅಂದರೆ ಜಮೀನಿನ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ, ತೆಗೆದು ನೋಡಿ.

ಜಮೀನು ಬಂದದ್ದು ಹೇಗೆ? ಇದು ಎಲ್ಲಕ್ಕಿಂತ ಮುಖ್ಯ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯವಾಗುತ್ತದೆ. ಆ ಕಾಯ್ದೆಯಲ್ಲಿ ‘ಪರಭಾರೆ’ ಅಂದರೆ ಮಾರಾಟ ಮಾತ್ರ ಅಲ್ಲ, ಗೇಣಿ, ಲೀಸ್ ಕೂಡ ಸೇರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ ಲೀಸ್ ನಿಲ್ಲುವುದಿಲ್ಲ. ಏಜೆಂಟ್ ‘ಅದೇನಿಲ್ಲ ಬಿಡ್ರೀ’ ಅಂದರೆ ನಂಬಬೇಡಿ.

ಒಂದೇ ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗ ಮಾತ್ರ ಕೊಡುವುದಾದರೆ 11ಇ ನಕ್ಷೆ ಬೇಕು. ಇದು ನೋಂದಣಿಗೆ ಮುಂಚೆ ಸರ್ವೆಯವರು ಅಳತೆ ಮಾಡಿ, ಕೊಡುವ ಭಾಗ ಇಷ್ಟು ಅಂತ ಗೆರೆ ಎಳೆದು ಕೊಡುವ ನಕ್ಷೆ. ಇದಕ್ಕೆ ಸಮಯ ಹಿಡಿಯುತ್ತದೆ, ಹಾಗಾಗಿ ಮೊದಲೇ ಅರ್ಜಿ ಹಾಕಿಬಿಡಿ.

2. ಹೊಲ ಯಾವ ವಲಯದಲ್ಲಿದೆ ನೋಡಿ

ಹುಬ್ಬಳ್ಳಿ-ಧಾರವಾಡ ಸುತ್ತಮುತ್ತಲ ಹಳ್ಳಿಗಳಲ್ಲಿ ನಿಮ್ಮ ಹೊಲ ಹುಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ಪ್ರದೇಶದೊಳಗೆ ಇರಬಹುದು. ಅಲ್ಲಿ ಮಾಸ್ಟರ್ ಪ್ಲಾನ್ ಇರುತ್ತದೆ. ಆ ನಕ್ಷೆಯಲ್ಲಿ ನಿಮ್ಮ ಜಾಗಕ್ಕೆ ಯಾವ ಬಣ್ಣ ಬಳಿದಿದ್ದಾರೆ, ಕೃಷಿಯಾ, ವಸತಿಯಾ, ಕೈಗಾರಿಕೆಯಾ ಅನ್ನುವುದರ ಮೇಲೆ ಮುಂದಿನ ದಾರಿ ನಿಂತಿದೆ. ಭೂ ಉಪಯೋಗ ಬದಲಾವಣೆ ಬೇಕಾದರೆ ಅದಕ್ಕೆ ಬೇರೆ ಅರ್ಜಿ. ಗದಗ-ಬೆಟಗೇರಿ, ಹಾವೇರಿ, ರಾಣೆಬೆನ್ನೂರಿನ ಹತ್ತಿರದವರೂ ತಮ್ಮ ಊರು ಯೋಜನಾ ಪ್ರದೇಶಕ್ಕೆ ಸೇರಿದೆಯಾ ಅಂತ ಕೇಳಿಕೊಳ್ಳಿ.

ಕಪ್ಪತಗುಡ್ಡದ ಸೆರಗಿನ ಊರುಗಳಲ್ಲಿ ಇನ್ನೊಂದು ಲೆಕ್ಕ ಇದೆ. 2019ರಿಂದ ಕಪ್ಪತಗುಡ್ಡ ವನ್ಯಜೀವಿ ಧಾಮ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ ಧಾಮ ಇದೆ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ 2024ರಲ್ಲಿ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬಂದಿಳಿಯುವುದನ್ನು ಈ ಭಾಗದವರೆಲ್ಲ ನೋಡಿದ್ದೀರಿ. ಇಂಥ ಜಾಗದ ಹತ್ತಿರ ಹೊಲ ಇದ್ದರೆ ಅರಣ್ಯ ಇಲಾಖೆಯ ಮಾತು ನಡೆಯುತ್ತದೆ. ಪಂಚಾಯ್ತಿ ಹೂಂ ಅಂದರೂ ಅಲ್ಲಿ ಕೆಲಸ ನಿಲ್ಲಬಹುದು. ಇಂಥ ನಿರ್ಬಂಧ ಇರಬೇಕಾದದ್ದೇ ಅಂತ ನನ್ನ ಅಭಿಪ್ರಾಯ.

ಮಲಪ್ರಭಾ ಕಾಲುವೆ ನೀರು ಹರಿಯುವ ನವಲಗುಂದ, ನರಗುಂದ, ರೋಣ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲಗಳದ್ದು ಮತ್ತೊಂದು ವಿಷಯ. ಅಚ್ಚುಕಟ್ಟು ಪ್ರದೇಶದ ಜಮೀನಾದರೆ ನೀರಾವರಿ ಇಲಾಖೆಯ ಅಭಿಪ್ರಾಯ ಕೇಳುತ್ತಾರೆ. ನನ್ನನ್ನು ಕೇಳಿದರೆ ಕಾಲುವೆ ನೀರಿನ ಎರಿ ಭೂಮಿಯನ್ನು ಪ್ಯಾನೆಲ್ ಕೆಳಗೆ ಹಾಕಬೇಡಿ. ಮಸಾರಿ (ಕೆಂಪು ಮಣ್ಣು), ಗರಸು ನೆಲ ಇದ್ದರೆ ಅದನ್ನು ಕೊಡಿ.

3. ಪಂಚಾಯ್ತಿ: ಏನು ಕೇಳಬಹುದು, ಏನು ಕೇಳುವಂತಿಲ್ಲ

ಸುಮ್ನೆ ‘ಎನ್‌ಒಸಿ ಬೇಕು’ ಅಂತ ಬಾಯಲ್ಲಿ ಕೇಳುತ್ತಾರೆ. ಯಾಕೆ ಅಂತ ಯಾರೂ ಹೇಳುವುದಿಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993ರ ಪ್ರಕಾರ ಈ ವಿಷಯದಲ್ಲಿ ಮುಖ್ಯವಾಗಿ ಮೂರು ಕಡೆ ಪಂಚಾಯ್ತಿಗೆ ಅಧಿಕಾರ ಬರುತ್ತದೆ. 64ನೇ ಕಲಂ ಕಟ್ಟಡ ಪರವಾನಗಿಯದ್ದು. ಕಂಟ್ರೋಲ್ ರೂಮ್, ವಾಚ್‌ಮನ್ ಮನೆಯಂಥವು ಇಲ್ಲಿ ಬರುತ್ತವೆ. 66ನೇ ಕಲಂ ಕಾರ್ಖಾನೆ ಕಟ್ಟುವುದು, ಯಂತ್ರ ಕೂರಿಸುವುದಕ್ಕೆ. 199ನೇ ಕಲಂ ತೆರಿಗೆಯದ್ದು. ಇದರ ಜೊತೆ ಊರಿನ ರಸ್ತೆ, ಚರಂಡಿ, ಕೆರೆಯ ಹೊಣೆಯೂ ಪಂಚಾಯ್ತಿ ಮೇಲೆ ಇದೆ.

ಹಾಗಾಗಿ ಪಂಚಾಯ್ತಿಯವರು ಈ ಪ್ರಶ್ನೆ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ: ಭಾರೀ ಲಾರಿ ಓಡಾಡಿ ಊರ ರಸ್ತೆ ಕಿತ್ತುಹೋದರೆ ಯಾರು ಮಾಡಿಸಿಕೊಡುತ್ತಾರೆ? ಕೆರೆಗೆ ಬರುವ ಹಳ್ಳ ಮುಚ್ಚುತ್ತದಾ? ಪ್ಯಾನೆಲ್ ತೊಳೆಯುವ ನೀರು ಎಲ್ಲಿಂದ? ಗೋಮಾಳ, ಬಂಡಿ ದಾರಿ ಬೇಲಿಯೊಳಗೆ ಹೋಗುತ್ತದಾ? ಇವಕ್ಕೆ ಕಂಪನಿಯಿಂದ ಬರಹದಲ್ಲಿ ಉತ್ತರ ಕೊಡಿಸಿ. ಅರ್ಧ ವಿರೋಧ ಅಲ್ಲೇ ಕರಗುತ್ತದೆ.

ನ್ಯಾಯವಲ್ಲದ್ದು ಯಾವುದು? ಯಾವ ಕಲಂ ಅಂತ ಹೇಳದೆ ಇಡೀ ಊರಿಗೆ ಸೋಲಾರ್ ನಿಷೇಧ ಅನ್ನುವುದು. ರಸೀದಿ ಇಲ್ಲದೆ ‘ಊರ ಅಭಿವೃದ್ಧಿಗೆ’ ಅಂತ ದುಡ್ಡು ಕೇಳುವುದು. ಮಾಲಿನ್ಯ ಮಂಡಳಿಯ ಒಪ್ಪಿಗೆ ಪತ್ರ ತರದೆ ಅರ್ಜಿ ಮುಟ್ಟುವುದಿಲ್ಲ ಅನ್ನುವುದು; ಸೋಲಾರ್ ಪ್ಯಾನೆಲ್‌ನಿಂದ ವಿದ್ಯುತ್ ತಯಾರಿಸುವ ಘಟಕವನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲೇ ಬಿಳಿ ವರ್ಗಕ್ಕೆ, ಅಂದರೆ ಅತಿ ಕಡಿಮೆ ಮಾಲಿನ್ಯದ ವರ್ಗಕ್ಕೆ ಸೇರಿಸಿದೆ, ಆ ವರ್ಗಕ್ಕೆ ಒಪ್ಪಿಗೆ ಪತ್ರ ಬೇಕಿಲ್ಲ.

ಕ್ರಮ ಹೀಗಿರಲಿ. ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಹೆಸರಿಗೆ ಅರ್ಜಿ ಬರೆಯಿರಿ. ಸರ್ವೆ ನಂಬರ್, ವಿಸ್ತೀರ್ಣ, ಕಟ್ಟಡದ ನಕ್ಷೆ, ಬೇಲಿಯ ಗೆರೆ, ಬಂಡಿ ದಾರಿ ತೋರಿಸುವ ಗ್ರಾಮ ನಕ್ಷೆ ಲಗತ್ತಿಸಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸಿಕ್ಕಾ, ಆವಕ ನಂಬರ್, ತಾರೀಖು ಹಾಕಿಸಿಕೊಂಡೇ ಬನ್ನಿ. ತಗೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅಂಚೆ ರಸೀದಿ ಇಟ್ಟುಕೊಳ್ಳಿ.

ಬೇಡ ಅಂದರೆ? ಒಂದೇ ಮಾತು ಕೇಳಿ: “ಯಾವ ಕಾಯ್ದೆ, ಯಾವ ಕಲಂ, ಏನು ಕಾರಣ, ಬರೆದು ಕೊಡ್ರೀ.” ಠರಾವಿನ ನಕಲು ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು. ಬಾಯಿಮಾತಿನ ‘ಇಲ್ಲ’ಕ್ಕೆ ಮೇಲ್ಮನವಿ ಹಾಕಲು ಬರುವುದಿಲ್ಲ, ಅದಕ್ಕೇ ಕಾಗದದ ಬಗ್ಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಪಂಚಾಯ್ತಿ ಆದೇಶದ ಮೇಲೆ ಮೇಲ್ಮನವಿಗೆ ಅದೇ ಕಾಯ್ದೆಯ 269ನೇ ಕಲಂ ಇದೆ, ಅದಕ್ಕೆ ಕಾಲಮಿತಿಯೂ ಇದೆ. ಆದೇಶ ಕೈಗೆ ಬಂದ ದಿನವೇ ವಕೀಲರ ಹತ್ತಿರ ಹೋಗಿ. ಅಲ್ಲೂ ಆಗದಿದ್ದರೆ ಹೈಕೋರ್ಟಿನ ರಿಟ್ ಅರ್ಜಿ. ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ, ಧಾರವಾಡದಲ್ಲಿ 2013ರಿಂದ ಕಾಯಂ ಪೀಠವೇ ಇದೆ.

ಗ್ರಾಮಸಭೆಯನ್ನು ಮಾತ್ರ ಕಡೆಗಣಿಸಬೇಡಿ. ಸಭೆಗೆ ಹೋಗಿ, ಎದ್ದು ನಿಂತು ಹೇಳಿ, ನಿಮ್ಮ ಮಾತು ನಡಾವಳಿ ಪುಸ್ತಕದಲ್ಲಿ ಬರೆದರಾ ನೋಡಿ. ವಿರೋಧ ಮಾಡುವವರ ಮಾತನ್ನೂ ಕೂತು ಕೇಳಿ. ನಿಮ್ಮ ಹೊಲವನ್ನೇ ಲಾವಣಿಗೋ ಕೋರಿಗೋ (ಬೆಳೆ ಪಾಲಿಗೋ) ಮಾಡುತ್ತಿದ್ದವರು, ಕಳೆ ಕೀಳಲು ಬರುತ್ತಿದ್ದ ಹೆಣ್ಣುಮಕ್ಕಳು ಅಲ್ಲಿರುತ್ತಾರೆ. ಬಾಡಿಗೆ ನಿಮಗೆ ಬರುತ್ತದೆ, ಅವರ ಕೂಲಿ ಹೋಗುತ್ತದೆ. ಕಾವಲು, ಹುಲ್ಲು ಕೊಯ್ಯುವುದು, ಪ್ಯಾನೆಲ್ ತೊಳೆಯುವ ಕೆಲಸ ಊರವರಿಗೇ ಕೊಡಬೇಕು ಅಂತ ಕರಾರಿನಲ್ಲೇ ಬರೆಸಿದರೆ ಒಳ್ಳೆಯದು.

4. ಎನ್‌ಎ ಮಾಡಿಸುವುದು

ಎನ್‌ಎ, ಬಿನ್‌ಶೇತ್ಕಿ, ಭೂ ಪರಿವರ್ತನೆ, ಮೂರೂ ಒಂದೇ: ಕೃಷಿ ಜಮೀನನ್ನು ಕೃಷಿಯಲ್ಲದ ಉಪಯೋಗಕ್ಕೆ ಬದಲಾಯಿಸುವ ಅನುಮತಿ. ಇದು ಯಾಕೆ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಕರ್ನಾಟಕ ಭೂ ಸುಧಾರಣಾ ಕಾಯ್ದೆ 1961ರ 5ನೇ ಕಲಂ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸುತ್ತದೆ, ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಅಂದರೆ ಉತಾರದಲ್ಲಿ ಕೃಷಿ ಅಂತಲೇ ಇರುವ ಹೊಲವನ್ನು ಬಾಂಡ್ ಪೇಪರ್ ಮೇಲೆ ಕಂಪನಿಗೆ ಲಾವಣಿ ಬರೆದುಕೊಟ್ಟರೆ ನಾಳೆ ಬಾಡಿಗೆ ಬಾಕಿ ಬಿದ್ದಾಗ ಆ ಕಾಗದ ಹಿಡಿದು ಕೋರ್ಟಿಗೆ ಹೋಗುವುದು ಕಷ್ಟ.

ಸೋಲಾರ್ ಯೋಜನೆಗಳಿಗೆ ಎನ್‌ಎ ನಿಯಮವನ್ನು ಸರ್ಕಾರ ಬೇರೆ ಬೇರೆ ಹೊತ್ತಿನಲ್ಲಿ ಸಡಿಲ ಮಾಡುತ್ತ ಬಂದಿದೆ. ಹಾಗಾಗಿ ಎರಡು ವರ್ಷದ ಹಿಂದೆ ಪಕ್ಕದೂರಲ್ಲಿ ಹೀಗೆ ಆಯ್ತು ಅನ್ನುವುದನ್ನು ನಂಬಿ ಕೂರಬೇಡಿ. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಸುತ್ತೋಲೆಯ ಪ್ರತಿಯನ್ನು ಡಿಸಿ ಕಚೇರಿಯ ಭೂ ವಿಭಾಗದಲ್ಲಿ ಕೇಳಿ ಪಡೆಯಿರಿ. ಸಕಾಲ ನಂಬರ್, ಅಂದರೆ ಅರ್ಜಿ ಎಲ್ಲಿದೆ ಅಂತ ನೋಡಲು ಕೊಡುವ ನಂಬರ್, ಬರೆದಿಟ್ಟುಕೊಳ್ಳಿ. ಅನುಮತಿ ಇಲ್ಲದೆ ಕೆಲಸ ಶುರು ಮಾಡಿದರೆ 96ನೇ ಕಲಂ ಪ್ರಕಾರ ದಂಡ, ಮತ್ತು ಆ ನೋಟಿಸು ಬರುವುದು ಜಮೀನಿನ ಮಾಲೀಕರಾದ ನಿಮ್ಮ ಹೆಸರಿಗೆ.

ಎನ್‌ಎ ಆದ ಮೇಲೆ ಏನೇನು ಹೋಗುತ್ತದೆ ಅಂತಲೂ ಗೊತ್ತಿರಲಿ. ಆ ಸರ್ವೆ ನಂಬರಿನ ಮೇಲೆ ಬೆಳೆ ಸಾಲ ಸಿಗುವುದಿಲ್ಲ, ಬೆಳೆ ವಿಮೆ ಇಲ್ಲ. ಅಲ್ಲಿ ಬೋರ್ ಇದ್ದರೆ ಪಂಪ್‌ಸೆಟ್ಟಿನ ಉಚಿತ ಕರೆಂಟು ಕೃಷಿಗೆ ಮಾತ್ರ; ಆ ಆರ್‌ಆರ್ ನಂಬರ್ (ಕರೆಂಟು ಸಂಪರ್ಕದ ನಂಬರ್) ಏನಾಗುತ್ತದೆ ಅಂತ ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಮೊದಲೇ ಕೇಳಿ. ಇರುವ ಹೊಲ ಅಷ್ಟೂ ಕೊಟ್ಟುಬಿಟ್ಟರೆ ರೈತ ಅನ್ನುವ ಲೆಕ್ಕದಲ್ಲಿ ಸಿಗುವ ಸೌಲಭ್ಯಗಳೇ ಕೈತಪ್ಪಬಹುದು. ಎರಡೆಕರೆಯಾದರೂ ಉಳಿಸಿಕೊಳ್ಳಿ.

5. ಕರಾರು: ಇಲ್ಲಿ ಆತುರ ಬೇಡ

ಮೊದಲು ಕಂಪನಿ ತರುವುದು ಲೀಸ್ ಅಲ್ಲ, ‘ಲೀಸ್ ಮಾಡಿಕೊಳ್ಳುವ ಒಪ್ಪಂದ’. ಚೂರು ಮುಂಗಡ ಕೊಟ್ಟು ಹೊಲ ಕಟ್ಟಿಹಾಕುತ್ತಾರೆ. ಅವರಿಗೆ ಟೆಂಡರ್ ಸಿಗಬೇಕು, ಗ್ರಿಡ್‌ನಲ್ಲಿ ಜಾಗ ಸಿಗಬೇಕು, ಆಮೇಲೆ ಯೋಜನೆ. ಸಿಗದಿದ್ದರೆ ಅವರು ಹೋಗುತ್ತಾರೆ, ನಿಮ್ಮ ಹೊಲ ಮಾತ್ರ ಒಪ್ಪಂದದಲ್ಲಿ ಸಿಕ್ಕಿಕೊಂಡಿರುತ್ತದೆ. ಆದ್ದರಿಂದ ಕೊನೆಯ ತಾರೀಖು ಬರೆಸಿ: ಇಂಥ ದಿನದೊಳಗೆ ನೋಂದಾಯಿತ ಲೀಸ್ ಆಗದಿದ್ದರೆ ಒಪ್ಪಂದ ತಾನಾಗೇ ರದ್ದು, ಮುಂಗಡ ವಾಪಸ್ ಇಲ್ಲ, ಅಲ್ಲಿಯವರೆಗೆ ಬಿತ್ತನೆಗೆ ಅಡ್ಡಿಯಿಲ್ಲ.

ಒಂದು ವರ್ಷ ಮೀರಿದ ಯಾವುದೇ ಲೀಸ್ 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ನೋಟರಿ ಸಹಿ ಸಾಕಾಗುವುದಿಲ್ಲ. ಮುದ್ರಾಂಕ ಶುಲ್ಕ, ನೋಂದಣಿ ಖರ್ಚು, ಎನ್‌ಎ ಶುಲ್ಕ, ಪಂಚಾಯ್ತಿ ತೆರಿಗೆ ಎಲ್ಲಾ ಕಂಪನಿಯದು ಅಂತ ಬರೆಸಿ.

ಇನ್ನು ಬಾಡಿಗೆ. ಎಕರೆಗೆ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ಏರಿಕೆ ಎಷ್ಟು ಅಂತ ಕೇಳುವವರು ಕಡಿಮೆ. ಪಾವಗಡದ ಸೋಲಾರ್ ಪಾರ್ಕ್ ನೋಡಿ. ಸುಮಾರು 13,000 ಎಕರೆ, ರೈತರಿಂದ ಸರ್ಕಾರಿ ನಿಗಮವೇ 28 ವರ್ಷಕ್ಕೆ ಲೀಸ್ ಪಡೆದದ್ದು, ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿದರೆ 28ನೇ ವರ್ಷಕ್ಕೆ ಅದು ಸುಮಾರು 39,600 ಆಗುತ್ತದೆ. ಅದೇ ಶೇ. 5 ಏರಿಕೆ ಪ್ರತಿ ವರ್ಷ ಇದ್ದಿದ್ದರೆ ಸುಮಾರು 78,400. ಒಂದು ಎಕರೆಗೇ ಇಷ್ಟು ಅಂತರ, ಅದೂ ‘ಎರಡು ವರ್ಷಕ್ಕೊಮ್ಮೆ’ ಅನ್ನುವ ಒಂದೇ ಒಂದು ಮಾತಿನಿಂದ. ಕ್ಯಾಲ್ಕ್ಯುಲೇಟರ್ ಹಿಡಿದು ಮನೆಯ ಓದಿದ ಮಕ್ಕಳನ್ನು ಕೂರಿಸಿ ಕೊನೆಯ ವರ್ಷದವರೆಗೂ ಪಟ್ಟಿ ಮಾಡಿಸಿ, ಆ ಪಟ್ಟಿಯನ್ನೇ ಕರಾರಿಗೆ ಅನುಬಂಧವಾಗಿ ಸೇರಿಸಿ. ಆಗ ಮುಂದೆ ವಾದಕ್ಕೆ ಜಾಗವೇ ಇರುವುದಿಲ್ಲ.

ಸಹಿ ಹಾಕುವ ಮುಂಚೆ ಕರಾರಿನಲ್ಲಿ ಇವನ್ನು ಹುಡುಕಿ:

– ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ನಿಮ್ಮ ಪರವಾಗಿ ಎಲ್ಲಾ ವ್ಯವಹಾರ ಮಾಡುವ ಅಧಿಕಾರ ಪತ್ರ ಕೇಳಿದ್ದಾರಾ? ಕೊಡಬೇಡಿ. ಎನ್‌ಎ ಅರ್ಜಿಗೆ ಅಂತ ಬೇಕಾದರೆ ಆ ಒಂದೇ ಕೆಲಸಕ್ಕೆ ಸೀಮಿತವಾದ ಅಧಿಕಾರ ಪತ್ರ ಸಾಕು. ಮಾರುವ, ಅಡವಿಡುವ ಅಧಿಕಾರ ಅದರೊಳಗೆ ಸೇರಿಕೊಂಡಿರದಂತೆ ಸಾಲು ಸಾಲು ಓದಿಸಿ.

– ಕಂಪನಿ ಬ್ಯಾಂಕಿನಿಂದ ಸಾಲ ತೆಗೆಯುತ್ತದೆ. ಅಡವು ಇಡುವುದು ಅವರ ಲೀಸ್ ಹಕ್ಕನ್ನು ಮಾತ್ರ, ನಿಮ್ಮ ಮಾಲೀಕತ್ವವನ್ನಲ್ಲ, ಅಂತ ಸ್ಪಷ್ಟವಾಗಿ ಇರಬೇಕು.

– ಬಾಡಿಗೆ ತಪ್ಪಿದರೆ ಎಷ್ಟು ದಿನಕ್ಕೆ ಬಡ್ಡಿ, ಎಷ್ಟು ತಿಂಗಳಿಗೆ ಲೀಸ್ ರದ್ದು? ಹಲವು ಕರಾರುಗಳಲ್ಲಿ ರದ್ದು ಮಾಡುವ ಹಕ್ಕು ಕಂಪನಿಗೆ ಮಾತ್ರ ಇರುತ್ತದೆ. ಅದು ಎರಡೂ ಕಡೆ ಇರಲಿ.

– ಕಂಪನಿ ಮಾರಾಟವಾದರೆ? ಸೋಲಾರ್ ವ್ಯವಹಾರದಲ್ಲಿ ಯೋಜನೆ ಕೈಬದಲಾಗುವುದು ಸಾಮಾನ್ಯ. ಹೊಸಬರಿಗೆ ಹಳೆ ಕರಾರಿನ ಎಲ್ಲಾ ಹೊಣೆ ಬರುತ್ತದೆ, ನಿಮಗೆ ಬರಹದಲ್ಲಿ ತಿಳಿಸಬೇಕು ಅಂತ ಇರಲಿ.

– ಕೊನೆಯಲ್ಲಿ ಹೊಲ ಹೇಗೆ ವಾಪಸ್ ಬರುತ್ತದೆ? ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಒಂದು ಮೆಗಾವಾಟಿಗೆ ಸುಮಾರು ಐದು ಎಕರೆ ಬೇಕು. ಆ ಐದು ಎಕರೆಯಲ್ಲಿ ನೂರಾರು ಕಬ್ಬಿಣದ ಕಂಬ ನೆಲಕ್ಕೆ ಇಳಿದಿರುತ್ತವೆ, ಎರಿ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವುದರಿಂದ ಹಲವು ಕಡೆ ಕಾಂಕ್ರೀಟೂ ಹಾಕುತ್ತಾರೆ. ಕೇಬಲ್ ಹೂಳಲು ಕಾಲುವೆ ತೋಡಿರುತ್ತಾರೆ. ಬದು, ಒಡ್ಡು ಎಲ್ಲಾ ಸಮ ಮಾಡಿರುತ್ತಾರೆ. ಲೀಸ್ ಮುಗಿದ ಮೇಲೆ ಇದನ್ನೆಲ್ಲ ಕಿತ್ತು, ಕಾಂಕ್ರೀಟು ತೆಗೆದು, ಗುಂಡಿಗೆ ಮಣ್ಣು ತುಂಬಿ, ಒಡ್ಡು ಹಾಕಿಕೊಡುವ ಖರ್ಚು ಯಾರದ್ದು? ಕರಾರಿನಲ್ಲಿ ಇಲ್ಲದಿದ್ದರೆ ನಿಮ್ಮದೇ. ಕಂಪನಿ ಆ ಹೊತ್ತಿಗೆ ಇರುತ್ತದೋ ಇಲ್ಲವೋ. ಅದಕ್ಕೇ ಬ್ಯಾಂಕ್ ಗ್ಯಾರಂಟಿ ಕೇಳಿ, ಅಂದರೆ ಕಂಪನಿ ಮಾಡದಿದ್ದರೆ ಬ್ಯಾಂಕ್ ಅಷ್ಟು ದುಡ್ಡು ನಿಮಗೆ ಕೊಡುತ್ತೇನೆ ಅಂತ ಬರೆದುಕೊಡುವ ಪತ್ರ. ಒಬ್ಬರೇ ಕೇಳಿದರೆ ಕೊಡುವುದಿಲ್ಲ. ಹತ್ತಾರು ಮನೆಯವರು ಸೇರಿ ಕೇಳಿದರೆ ಮಾತು ನಡೆಯುತ್ತದೆ. ಇ-ತ್ಯಾಜ್ಯ ನಿಯಮ 2022ರಲ್ಲಿ ಸೋಲಾರ್ ಪ್ಯಾನೆಲ್‌ಗಳೂ ಸೇರಿವೆ, ಹಾಗಾಗಿ ಒಡೆದ ಪ್ಯಾನೆಲ್ ಹೊಲದಲ್ಲೇ ಹೂಳುವಂತಿಲ್ಲ ಅಂತಲೂ ಒಂದು ಸಾಲು ಸೇರಿಸಿ.

ಕರಾರು ಇಂಗ್ಲಿಷಿನಲ್ಲಿದ್ದರೆ ಕನ್ನಡ ಪ್ರತಿ ಕೇಳಿ. ಎರಡರಲ್ಲಿ ವ್ಯತ್ಯಾಸ ಬಂದರೆ ಕನ್ನಡದ್ದೇ ಊರ್ಜಿತ ಅಂತ ಬರೆಸಿ. ಮತ್ತು ವಕೀಲರು ನಿಮ್ಮವರಾಗಿರಲಿ, ಕಂಪನಿ ಕರೆತಂದವರಲ್ಲ.

6. ಲೈನು, ಟವರು ಬಂದರೆ

ಹೊಲದಲ್ಲಿ ಪ್ಯಾನೆಲ್ ಇಲ್ಲದವರಿಗೂ ಈ ತೊಂದರೆ ಬರುತ್ತದೆ. ತಂತಿ ನಿಮ್ಮ ಹೊಲದ ಮೇಲೆ ಹೋಗುತ್ತದೆ. ವಿದ್ಯುತ್ ಕಾಯ್ದೆ 2003ರ 164ನೇ ಕಲಂ ಅಡಿ ಸರ್ಕಾರ ವಿಶೇಷ ಅಧಿಕಾರ ಕೊಟ್ಟಿದ್ದರೆ ನಿಮ್ಮ ಒಪ್ಪಿಗೆ ಇಲ್ಲದೆಯೂ ಟವರ್ ನಿಲ್ಲಿಸಬಹುದು, ಪರಿಹಾರ ಮಾತ್ರ ಕೊಡಲೇಬೇಕು. ಆ ಆದೇಶ ಇಲ್ಲದಿದ್ದರೆ ನಿಮ್ಮ ಒಪ್ಪಿಗೆ ಅಥವಾ ಜಿಲ್ಲಾಡಳಿತದ ಅನುಮತಿ ಬೇಕು. ಆದ್ದರಿಂದ ಜೆಸಿಬಿ ಬಂದ ದಿನ ಮೊದಲ ಪ್ರಶ್ನೆ: “164ರ ಆದೇಶ ಐತೇನು? ತೋರಸ್ರೀ.”

66 ಕೆವಿ ಮತ್ತು ಅದಕ್ಕಿಂತ ಮೇಲಿನ ಟವರ್ ಲೈನುಗಳಿಗೆ ಕೇಂದ್ರ ಇಂಧನ ಸಚಿವಾಲಯ 2024ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಟವರ್ ಪಾದದ ಜಾಗಕ್ಕೆ ಜಮೀನಿನ ಬೆಲೆಯ ಶೇ. 200, ತಂತಿಯ ಕೆಳಗಿನ ಪಟ್ಟಿಗೆ ಶೇ. 30 ಪರಿಹಾರ ಅಂತ ಅದರಲ್ಲಿದೆ. ಇದು ಮಾರ್ಗಸೂಚಿ, ರಾಜ್ಯಗಳು ತಮ್ಮದೇ ಆದೇಶ ಮಾಡುತ್ತವೆ. ಮಾತುಕತೆಗೆ ಕೂರುವಾಗ ಈ ಅಂಕಿ ಬಾಯಲ್ಲಿರಲಿ. ಬೆಳೆ ನಷ್ಟ ಇದಕ್ಕೆ ಪ್ರತ್ಯೇಕ. ನಿಂತ ಬೆಳೆಯ ಫೋಟೋ, ತಲಾಟಿ ಪಂಚನಾಮೆ ಮಾಡಿಸಿ.

7. ದುಡ್ಡು ಬಂದ ಮೇಲೆ

ಸೋಲಾರ್ ಬಾಡಿಗೆ ಕೃಷಿ ಆದಾಯ ಅಲ್ಲ. ಕೃಷಿ ಆದಾಯಕ್ಕೆ ಇರುವ ತೆರಿಗೆ ವಿನಾಯಿತಿ ಇದಕ್ಕೆ ಇಲ್ಲ. ಮೊತ್ತ ಮಿತಿ ಮೀರಿದರೆ ಕಂಪನಿ ಟಿಡಿಎಸ್ (ಮೂಲದಲ್ಲೇ ತೆರಿಗೆ) ಕಡಿಯುತ್ತದೆ. ಪ್ಯಾನ್ ಕೊಡದಿದ್ದರೆ ಕಡಿತ ಇನ್ನೂ ಜಾಸ್ತಿ. ಅಣ್ಣತಮ್ಮಂದಿರ ಪಾಲಿದ್ದರೆ ಎಲ್ಲರ ಖಾತೆಗೂ ನೇರವಾಗಿ ಅವರವರ ಪಾಲು ಬೀಳುವಂತೆ ಬರೆಸಿ, ತೆರಿಗೆಯೂ ಹಂಚಿಹೋಗುತ್ತದೆ, ಮನೆಯಲ್ಲಿ ಜಗಳವೂ ಇರುವುದಿಲ್ಲ.

ಲಾವಣಿ ಬೇಡ, ನಾನೇ ಪ್ಲಾಂಟ್ ಹಾಕುತ್ತೇನೆ ಅನ್ನುವವರು 2019ರಲ್ಲಿ ಶುರುವಾದ ಪಿಎಂ ಕುಸುಮ್ ಯೋಜನೆಯ ‘ಎ’ ಘಟಕ ನೋಡಿ: 500 ಕಿಲೋವಾಟಿನಿಂದ 2 ಮೆಗಾವಾಟ್, ಸಬ್‌ಸ್ಟೇಷನ್ ಹತ್ತಿರದ ಜಮೀನು, ಕರೆಂಟನ್ನು ವಿತರಣಾ ಕಂಪನಿ ಕೊಳ್ಳುತ್ತದೆ. ಎತ್ತರದ ಕಂಬದ ಮೇಲೆ ಪ್ಯಾನೆಲ್ ಕೂರಿಸಿ ಕೆಳಗೆ ಬೆಳೆ ತೆಗೆಯಲೂ ಅದರಲ್ಲಿ ಅವಕಾಶ ಇದೆ. ಅರ್ಜಿ ಈಗ ತೆರೆದಿದೆಯಾ ಅಂತ ಹುಬ್ಬಳ್ಳಿ ನವನಗರದ ಹೆಸ್ಕಾಂ ಕೇಂದ್ರ ಕಚೇರಿಯಲ್ಲಿ ವಿಚಾರಿಸಿ. ಬಂಡವಾಳ ದೊಡ್ಡದು, ಸಾಲದ ಲೆಕ್ಕ ಸರಿಯಾಗಿ ಹಾಕಿಯೇ ಇಳಿಯಿರಿ.

8. ನೀವು ಬಾಜೂ ಹೊಲದವರಾದರೆ

ನಿಮ್ಮ ಹಕ್ಕೂ ಅಷ್ಟೇ ಗಟ್ಟಿ. ಗ್ರಾಮ ನಕ್ಷೆಯಲ್ಲಿ ಬಂಡಿ ದಾರಿ ಇದ್ದರೆ ಅದನ್ನು ಬೇಲಿಯೊಳಗೆ ಹಾಕಿಕೊಳ್ಳಲು ಯಾರಿಗೂ ಅಧಿಕಾರವಿಲ್ಲ. ನಕ್ಷೆಯಲ್ಲಿ ಇಲ್ಲದಿದ್ದರೂ 20 ವರ್ಷ ತಡೆಯಿಲ್ಲದೆ, ಹಕ್ಕಿನಿಂದ ಓಡಾಡಿದ ದಾರಿಗೆ 1882ರ ಅನುಭೋಗ ಹಕ್ಕುಗಳ ಕಾಯ್ದೆಯ ರಕ್ಷಣೆ ಇದೆ. ಬೇಲಿ ಕಂಬ ನೆಡುವ ಮುಂಚೆಯೇ ತಹಶೀಲ್ದಾರರಿಗೂ ಪಿಡಿಒಗೂ ಅರ್ಜಿ ಕೊಡಿ. ಕಟ್ಟಿದ ಮೇಲೆ ಕೆಡವಿಸುವುದು ಬಹಳ ಕಷ್ಟ. ಪ್ಯಾನೆಲ್ ಮೇಲಿನ ಮಳೆನೀರು ಒಂದೇ ಕಡೆ ಸುರಿದು ನಿಮ್ಮ ಹೊಲದ ಒಡ್ಡು ಕೊಚ್ಚಿಕೊಂಡು ಹೋದರೆ ಫೋಟೋ ತೆಗೆದು, ತಾರೀಖಿನ ಸಮೇತ ಕಂಪನಿಗೂ ಪಂಚಾಯ್ತಿಗೂ ಬರೆಯಿರಿ. ಗೋಮಾಳ ಒತ್ತುವರಿ ಆಗಿದ್ದರೆ ಸರ್ವೆ ಕೇಳಿ.

ಹೊಲ ಕೊಡಲು ಮನಸ್ಸಿಲ್ಲದವರಿಗೆ ಒಂದು ಮಾತು. ಸುತ್ತಲಿನವರೆಲ್ಲ ಕೊಟ್ಟರು, ನೀವೂ ಕೊಡಲೇಬೇಕು ಅನ್ನುವುದು ಸುಳ್ಳು. ಲೀಸ್ ನಿಮ್ಮ ಇಷ್ಟ. ಸರ್ಕಾರವೇ ಸ್ವಾಧೀನಕ್ಕೆ ಹೊರಟರೆ ಅದರ ದಾರಿ ಬೇರೆ. ಕೆಐಎಡಿಬಿ, ಅಂದರೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಆದರೆ 28(1) ಅಧಿಸೂಚನೆ ಹೊರಡುತ್ತದೆ, ಆಮೇಲೆ ನಿಮಗೆ 28(2) ನೋಟಿಸು ಬರುತ್ತದೆ, ಅದರಲ್ಲಿ ಹೇಳಿದ ಗಡುವಿನೊಳಗೆ ಆಕ್ಷೇಪಣೆ ಬರಹದಲ್ಲಿ ಹಾಕಲೇಬೇಕು. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿ ಭಾಗದ ರೈತರು ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಜಮೀನು ಕೊಡುವುದಿಲ್ಲ ಅಂತ ಒಟ್ಟಾಗಿ ನಿಂತಾಗ, ಗದುಗಿನ ತೋಂಟದಾರ್ಯ ಮಠದ ಸ್ವಾಮಿಗಳೂ ಜೊತೆಗೆ ನಿಂತಾಗ, ಸರ್ಕಾರ ಹಿಂದೆ ಸರಿಯಿತು.

ವಕೀಲರ ಖರ್ಚಿಗೆ ಹೆದರಿ ಸುಮ್ಮನೆ ಕೂರಬೇಡಿ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲೂಕಿನಲ್ಲಿ ಅದರ ಸಮಿತಿ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ, ಉಳಿದವರಿಗೆ ಆದಾಯದ ಮಿತಿ ಇದೆ. ಹೋಗುವಾಗ ಉತಾರ, ಕರಾರಿನ ಪ್ರತಿ, ಪಂಚಾಯ್ತಿ ಸಿಕ್ಕಾ ಹಾಕಿದ ಅರ್ಜಿ, ಆಧಾರ್ ಒಯ್ಯಿರಿ.